ಟವೆಲ್ಲಿನೊಳಗಿನ ವಿಮೆ

ಗವಿಸಿದ್ದೇಶನಿಗೆ ಒಬ್ಬ ಪ್ರತಿಸ್ಪರ್ಧಿ ಇದ್ದ. ಮೈತುಂಬ ಧೂಳು, ಕೆಮ್ಮಿ ಕೆಮ್ಮಿ ಹೊಗೆ ಬಿಡುವ ಚಟ, ಓಣಿಗೆಲ್ಲ ಕೇಳುವ ಒರಟು ದನಿ. ಆದರೂ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಗವಿಸಿದ್ದೇಶನ ಹೆಂಡತಿ ಅನ್ನಪೂರ್ಣ ತಲೆ ಬಾಚಿ, ಹೂ ಮುಡಿದು, ಯಲಬುರ್ಗಾದಿಂದ ಕೊಪ್ಪಳದವರೆಗೆ ಅವನ ಜೊತೆಗೇ ಹೋಗುತ್ತಿದ್ದಳು. ಆ ಪ್ರತಿಸ್ಪರ್ಧಿ ಸರಕಾರಿ ಬಸ್ಸು. ಹೆಂಗಸರಿಗೆ ಪುಕ್ಕಟೆ ಬೇರೆ!

ಮದುವೆಯಾಗಿ ಎಂಟು ತಿಂಗಳಾಗಿತ್ತು. ಅನ್ನಪೂರ್ಣ ಕೊಪ್ಪಳದ ಕೋರ್ಟಿನಲ್ಲಿ ಗುಮಾಸ್ತೆ. ಗವಿಸಿದ್ದೇಶನಿಗೆ ಅದೇ ಕೊಪ್ಪಳದ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಒಂದೇ ಊರು, ಒಂದೇ ದಾರಿ. ಆದರೆ ಅವಳು ಬಸ್ಸಿನಲ್ಲಿ, ಇವನು ಬೈಕಿನಲ್ಲಿ. ಬೈಕಿನ ಹಿಂದೆ ಕೂತರೆ ಕೊಪ್ಪಳ ಮುಟ್ಟುವಷ್ಟರಲ್ಲಿ ಕೂದಲು ಜೋಳದ ಒಣ ಕಣಕಿಯಾಗುತ್ತದೆ ಎಂಬುದು ಅವಳ ತಕರಾರು. (ಎಷ್ಟೋ ದಿನ ಅವನು ಬಸ್ಸಿನ ಹಿಂದೆಯೇ ಬೈಕು ಓಡಿಸುತ್ತ, ಕಿಟಕಿಯಲ್ಲಿ ಕಾಣುವ ಅವಳ ಮೊಣಕೈಯನ್ನೇ ನೋಡುತ್ತ, ಊರಿಂದ ಊರಿನವರೆಗೆ ಧೂಳು ಕುಡಿದದ್ದುಂಟು. ಈ ಸಂಗತಿಯನ್ನು ಅವನು ಯಾರಿಗೂ ಹೇಳಿಲ್ಲ.)

ಹೀಗಾಗಿ ಇಪ್ಪತ್ತನಾಲ್ಕರ ಗವಿಸಿದ್ದೇಶ ಡ್ರೈವಿಂಗ್ ಕಲಿತ, ಲೈಸನ್ಸ್ ತೆಗೆಸಿದ, ನಿವೃತ್ತ ಮಾಸ್ತರ ಅಂದಪ್ಪನವರ ಹಳೆಯ ಬಿಳಿ ಕಾರು ಕೊಂಡ. ಪಕ್ಕದ ಸೀಟಿನಲ್ಲಿ ಅನ್ನಪೂರ್ಣ ಕೂತಿರಬೇಕು, ಕೊಪ್ಪಳ ಬೇಗ ಬರಬಾರದು. ಅವನ ಬಾಳಿನ ಮಹಾಸಂಕಲ್ಪ ಇಷ್ಟೇ. ಅದಕ್ಕೆ ಅವಳು ಒಂದು ಷರತ್ತು ಹಾಕಿದಳು.

“ನಿಮ್ಮ ಲೈಸನ್ಸಿಗೆ ಇನ್ನಾ ತಿಂಗಳು ತುಂಬಿಲ್ಲ. ಫುಲ್ ಇನ್ಶೂರೆನ್ಸ್ ಮಾಡಸ್ರಿ, ನಾ ಮುಂದಿನ ಸೀಟಿನಾಗ ಕುಂದ್ರತೀನಿ. ಇಲ್ಲಾಂದ್ರ ನನಗ ನನ್ನ ಬಸ್ಸ ಛಲೋ.”

“ಬಸ್ಸಿಗೇನು ಫುಲ್ ಇನ್ಶೂರೆನ್ಸ್ ಐತೇನು?”

“ಬಸ್ಸಿಗೆ ಡ್ರೈವರ್ ಅದಾನ್ರಿ” ಎಂದಳು.

ಗವಿಸಿದ್ದೇಶ ಅಂದಪ್ಪ ಮಾಸ್ತರರ ಪುಣ್ಯವನ್ನು ನಂಬಿದ್ದ. ಹತ್ತು ವರ್ಷದಲ್ಲಿ ಅವರು ಕಾರಿಗೆ ಒಂದು ಗೀರೂ ಬೀಳಗೊಟ್ಟಿರಲಿಲ್ಲ. ಅದಕ್ಕಾಗಿ ಕಂಪನಿ ಅವರಿಗೆ ಅರ್ಧಕ್ಕರ್ಧ ರಿಯಾಯಿತಿ ಕೊಡುತ್ತಿತ್ತು. ಆದರೆ ಆ ರಿಯಾಯಿತಿ ಕಾರಿಗಲ್ಲ, ಮಾಸ್ತರರಿಗೆ ಸೇರಿದ್ದಂತೆ! ಅನ್ನಪೂರ್ಣ ಫೋನಿನಲ್ಲಿ ನಾಲ್ಕಾರು ಕಡೆ ಹುಡುಕಿ, ಫುಲ್ ವಿಮೆ ಹನ್ನೊಂದು ಸಾವಿರಕ್ಕೆ ಸಿಗುತ್ತದೆ, ಈಗಲೇ ಮಾಡಿಬಿಡೋಣ ಎಂದಳು. ಅದು ಪಡಸಾಲೆಯಲ್ಲಿ ಕೂತಿದ್ದ ಅವನ ಅಪ್ಪ ಅಮರಪ್ಪನ ಕಿವಿಗೆ ಬಿತ್ತು.

“ಹನ್ನೊಂದು ಸಾವಿರ! ಫೋನು ಹೇಳಿದ ರೇಟಿಗೆ ಹೂಂ ಅಂದ್ರ ನಮ್ಮ ಮನಿತನದ ಮರ್ಯಾದಿ ಏನಾಗಬೇಕು?”

“ಮಾಸ್ತರ್ರ ರಿಯಾಯಿತಿ ನಮಗ ಬರೂದಿಲ್ಲಂತಪ್ಪ.”

“ಎತ್ತು ಕೊಂಡ್ರ ಅದರ ನಡತಿನೂ ಜೋಡಿ ಬರತೈತಿ. ಕಾರಿಂದು ಯಾಕ ಬರೂದಿಲ್ಲ? ಕರಸು ಆ ವಿರುಪಾಕ್ಷಿನ್ನ.”

ಅಮರಪ್ಪ ಮೂವತ್ತು ವರ್ಷಗಳಿಂದ ದನದ ಸಂತೆಗಳಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ತೂರಿಸಿ, ಬೆರಳು ಹಿಡಿದು ಬೆಲೆ ತಿಳಿಸಿ, ಬೆರಳು ಮಡಿಸಿ ಬೆಲೆ ಇಳಿಸಿ ವ್ಯಾಪಾರ ಮುಗಿಸಬೇಕು. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಕುಣಿತ ಮಾತ್ರ. ಟವೆಲ್ಲಿನೊಳಗೆ ನಡೆದದ್ದನ್ನು ಬಾಯಿಗೆ ತಂದವನು ದಲ್ಲಾಳಿಯೇ ಅಲ್ಲ ಎಂಬುದು ಅಮರಪ್ಪ ಆಚರಿಸಿಕೊಂಡು ಬಂದ ಧರ್ಮ.

ಐತವಾರ ವಿರುಪಾಕ್ಷಿ ಬಂದ. ಅಮರಪ್ಪನ ತಂಗಿಯ ಮಗ, ವಿಮೆ ಏಜೆಂಟ, ಸೌಮ್ಯ ಸ್ವಭಾವದ ಹುಡುಗ. ಅವನ ಎಡಗೈಯಲ್ಲಿ ಫೋನಿತ್ತು. ಬಲಗೈಯನ್ನು ಅಮರಪ್ಪ ಎಳೆದು ತನ್ನ ಟವೆಲ್ಲಿನೊಳಗೆ ಸೇರಿಸಿಕೊಂಡ.

“ಮಾವಾ, ಇದು ಪಾಲಿಸಿ. ಇದಕ್ಯಾಕ್ರಿ ಟವೆಲ್ಲು?”

“ನಾಕು ಕಾಲಿರಲಿ, ನಾಕು ಗಾಲಿ ಇರಲಿ, ವ್ಯಾಪಾರ ಅಂದ್ರ ವ್ಯಾಪಾರ. ಹಿಡಿ ಬೆರಳ.”

ಹದಿನಾಲ್ಕು ಸಾವಿರದಿಂದ ಶುರುವಾಯಿತು. ಟವೆಲ್ಲು ಒಮ್ಮೆ ಉಬ್ಬಿತು, ಒಮ್ಮೆ ಇಳಿಯಿತು. ಅಮರಪ್ಪ ಒಂದು ಬೆರಳು ಮಡಿಸಿದ. ವಿರುಪಾಕ್ಷಿ ಮುಖ ಸಣ್ಣದು ಮಾಡಿ, ಎಡಗೈ ಹೆಬ್ಬೆರಳಿನಿಂದ ಫೋನಿನ ಮೇಲೆ ಏನನ್ನೋ ಒತ್ತಿ, ತಲೆಯಾಡಿಸಿದ. ಇನ್ನೊಂದು ಬೆರಳು ಮಡಿಯಿತು. ಅವನು ಮತ್ತೆ ಫೋನು ಒತ್ತಿದ. ಗವಿಸಿದ್ದೇಶನ ಎದೆ ಉಬ್ಬುತ್ತಲೇ ಹೋಯಿತು. ಇಂಥ ಅಪ್ಪ ಎಷ್ಟು ಜನರಿಗೆ ಇದ್ದಾರು!

ಎಂಟು ಸಾವಿರದ ಹತ್ತಿರ ಬಂದಾಗ ವಿರುಪಾಕ್ಷಿ ತಡೆಯಲಾರದೆ, “ಮಾವಾ, ಒಮ್ಮೆ ಓದಿ ಹೇಳ್ಲೇನ್ರಿ?” ಎಂದ.

“ಬಾಯಿ ಮುಚ್ಚು! ಕೈ ಟವೆಲ್ನಾಗ ಇದ್ದಾಗ ಬಾಯಿ ತೆಗೀತಾರೇನು?”

ವಿರುಪಾಕ್ಷಿ ಬಾಯಿ ಮುಚ್ಚಿದ. ನಾಲ್ಕು ಸಾವಿರದ ಚಿಲ್ಲರೆಗೆ ಬಂದು ಅವನ ಬೆರಳು ನಿಂತಿತು. ಅಮರಪ್ಪ ಎಷ್ಟು ಮಡಿಸಿದರೂ ಮಡಿಯಲಿಲ್ಲ. ಟವೆಲ್ಲು ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡ ಅಮರಪ್ಪನ ಮುಖದಲ್ಲಿ ಎರಡು ಜೋಡಿ ಹೋರಿ ಗೆದ್ದ ಕಳೆಯಿತ್ತು.

“ಅದರಾಗ ಏನೇನ ಐತ್ರಿ?” ಎಂದು ಅನ್ನಪೂರ್ಣ ಗಂಡನನ್ನು ಕೇಳಿದಳು. ಅವನ ಫೋನಿಗೆ ಹನ್ನೆರಡು ಪುಟದ ಪಾಲಿಸಿ ಬಂದಿತ್ತು. ಅವನು ತನ್ನ ಹೆಸರು ಓದಿದ, ಕಾರಿನ ನಂಬರು ಓದಿದ, ಮೊತ್ತವನ್ನು ಎರಡು ಸಲ ಓದಿದ.

“ಎಲ್ಲಾ ಐತಿ. ಫುಲ್ ಅಂದ್ರ ಫುಲ್.”

ಅನ್ನಪೂರ್ಣ ನಂಬಿದಳು. ಸೋಮವಾರ ಎಂಟರ ಬಸ್ಸು ಅವಳಿಲ್ಲದೆ ಹೋಯಿತು! ಅದರ ಹಾರ್ನು ಕೇಳಿ ಗವಿಸಿದ್ದೇಶನಿಗೆ ಆದ ಆನಂದ ಮದುವೆಯ ದಿನವೂ ಆಗಿರಲಿಲ್ಲ.

ಅಂಗಳದಲ್ಲಿ ಕಾರಿಗೆ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದದ್ದಾಯಿತು. ಅವ್ವ ಮುದುಕಮ್ಮ ನಾಲ್ಕು ಗಾಲಿಗೂ ನಾಲ್ಕು ನಿಂಬೆಹಣ್ಣು ಇಟ್ಟಳು. ಮಗನ ಮೊದಲ ಕಾರೆಂದು ಆರಿಸಿ ಆರಿಸಿ ಬಲು ದಪ್ಪನೆಯವನ್ನು ತಂದಿದ್ದಳು. “ನಿಂಬಿಹಣ್ಣು ದಾಟ್ಲಿ, ಆಮ್ಯಾಲೆ ಕುಂದ್ರತೀನಿ” ಎಂದು ಅನ್ನಪೂರ್ಣ ಬ್ಯಾಗು ಹಿಡಿದು ಬಾಗಿಲ ಬಳಿ ನಿಂತಳು.

ಗವಿಸಿದ್ದೇಶ ಮೆಲ್ಲಗೆ ಕ್ಲಚ್ ಬಿಟ್ಟ. ಕಾರು ನಿಂಬೆಹಣ್ಣಿಗೆ ತಾಗಿ ನಿಂತಿತು. ಇನ್ನಷ್ಟು ಆಕ್ಸಿಲರೇಟರ್ ಒತ್ತಿದ. ಕಾರು ಗುರುಗುಟ್ಟಿತು, ದಾಟಲಿಲ್ಲ. ಹೆಂಡತಿ ನೋಡುತ್ತಿದ್ದಾಳೆ, ಓಣಿ ನೋಡುತ್ತಿದೆ. ಇನ್ನೊಮ್ಮೆ ಒತ್ತಿದ. ನಾಲ್ಕೂ ನಿಂಬೆಹಣ್ಣು ಒಮ್ಮೆಲೇ ಚಪ್ಪಟೆಯಾದವು; ಕಾರು ಹೋರಿಯಂತೆ ನೆಗೆದು, ಗೇಟು ಬಿಟ್ಟು, ಅದರ ಪಕ್ಕದ ತಮ್ಮದೇ ಕಾಂಪೌಂಡ್ ಗೋಡೆಯನ್ನು ಕೆಡವಿ ನಿಂತಿತು. ಗೋಡೆಗಿಂತ ಮೊದಲು, ನಡುವೆ ನಿಂತಿದ್ದ ಅವನ ಬೈಕು ಸಿಕ್ಕಿತ್ತು. ಅವನ ಮೈಗೆ ಏನೂ ಆಗಲಿಲ್ಲ. ಮರ್ಯಾದೆಯ ಲೆಕ್ಕ ಬೇರೆ.

“ಅಂಜಬ್ಯಾಡ, ಫುಲ್ ಐತಿ!” ಎಂದು ಅಮರಪ್ಪ ಕಟ್ಟೆಯ ಮೇಲಿಂದಲೇ ಅಭಯ ಕೊಟ್ಟ.

ಫೋನು ಮಾಡಿದೊಡನೆ ವಿರುಪಾಕ್ಷಿ ಓಡಿ ಬಂದ. ಕಾರು ನೋಡಿದ, ಮಾವನ ಮುಖ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

“ಮಾವಾ, ನೀವು ಒಂದೊಂದ ಬೆರಳ ಮಡಿಸಿದಂಗ ನಾ ಪಾಲಿಸಿಯಿಂದ ಒಂದೊಂದ ತೆಗೀತ ಹೋದ್ನ್ರಿ. ಮೊದಲ ಗ್ಲಾಸು, ಆಮ್ಯಾಲೆ ಇಂಜಿನ್ನು, ಆಮ್ಯಾಲೆ ಬಂಪರ್ರು, ಕಡೀಕ ಇಡೀ ಕಾರ ಹೋತು. ಉಳಿದದ್ದು ಥರ್ಡ್ ಪಾರ್ಟಿ ಒಂದ. ಮಂದಿಗೆ ಆದ ಲುಕ್ಸಾನಿಗೆ ಅಷ್ಟ ಕೊಡತಾರ.”

“ಎತ್ತಿನ ರೇಟ್ ಇಳಿಸಿದ್ರ ಎತ್ತಿನ ಕಾಲು ಕಮ್ಮಿ ಅಕ್ಕಾವೇನಲೇ?”

“ನಮ್ಮ ಧಂದೇದಾಗ ಅಕ್ಕಾವ್ರಿ. ಓದಿ ಹೇಳ್ಲೇನು ಅಂದೆ, ನೀವ ಬಾಯಿ ಮುಚ್ಚಂದ್ರಿ.”

“ಗ್ವಾಡಿಗಾದ್ರೂ ಬರತೈತೇನೋ?” ಗವಿಸಿದ್ದೇಶನ ದನಿ ಬಾವಿಯೊಳಗಿಂದ ಬಂದಂತಿತ್ತು.

“ಕಾರೂ ನಿಂದ, ಬೈಕೂ ನಿಂದ. ಗ್ವಾಡಿ ಮಾವಾಂದು. ಮಾವ ನಿನ್ನ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟು ಕೋರ್ಟಿಗೆ ಹೋದ್ರ ಏನರ ನೋಡಬಹುದು.”

ಅಮರಪ್ಪ ಒಂದು ಗಳಿಗೆ ಆ ವಿಚಾರ ಮಾಡಿದ್ದು ಗವಿಸಿದ್ದೇಶನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಅನ್ನಪೂರ್ಣ, “ಬ್ಯಾಡ್ರಿ ಮಾವಾರ, ಆ ಕೇಸು ನನ್ನ ಟೇಬಲ್ಲಿಗೇ ಬರತೈತಿ” ಎಂದಳು.

ಎದುರು ಮನೆಯ ಇಬ್ರಾಹಿಂಸಾಬ ಆಗಲೇ ಬಂದು ನಿಂತಿದ್ದ. ಅವನ ದುಃಖವೇ ಎಲ್ಲರಿಗಿಂತ ಹೆಚ್ಚಾಗಿತ್ತು.

“ಗವಿಯಪ್ಪಾ, ಹಂಗ ಗೇಟ್ ದಾಟಿ ಬಂದಿದ್ರ ನನ್ನ ಗ್ವಾಡಿ ಇತ್ತಲ್ಲೋ! ಹೋದ ವರ್ಷನ ಬಿರುಕು ಬಿಟ್ಟೈತಿ. ಒಂದ ಮಾತ ಕೇಳಿದ್ರ ನಾನ ನಿಂತು ಬಾ ಬಾ ಅಂತ ಕೈ ಮಾಡ್ತಿದ್ದೆ.”

ಕಾರು ಒಂದು ಗ್ಯಾರೇಜಿಗೆ ಹೋಯಿತು, ಬೈಕು ಇನ್ನೊಂದಕ್ಕೆ ಹೋಯಿತು. ಮಂಗಳವಾರ ಬೆಳಿಗ್ಗೆ ಗವಿಸಿದ್ದೇಶನಿಗೆ ಉಳಿದದ್ದು ಆ ಎಂಟರ ಬಸ್ಸೊಂದೇ. ಹೊರಡುವಾಗ ಅಮರಪ್ಪ ತನ್ನ ಟವೆಲ್ಲನ್ನು ಮಗನ ಕೈಗಿತ್ತ. ಬಸ್ಸು ಬಂದು ನಿಲ್ಲುವ ಮೊದಲೇ ಗವಿಸಿದ್ದೇಶ ಅದನ್ನು ಕಿಟಕಿಯೊಳಗೆ ಎಸೆದು ಇಬ್ಬರ ಸೀಟು ಹಿಡಿದ. ಆ ವಾರದಲ್ಲಿ ಟವೆಲ್ಲಿನಿಂದ ಆದ ಮೊದಲ ಉಪಯೋಗ ಅದು.

ಅನ್ನಪೂರ್ಣ ಕಿಟಕಿಯ ಬದಿ ಕೂತಳು. ಬಸ್ಸು ಹೊರಟಿತು. ಅವಳು ಕೋಪದಲ್ಲಿರಬೇಕೆಂದು ಅವನು ಎದುರಿನ ಸೀಟಿನ ಬೆನ್ನನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ತೊಡೆಯ ಮೇಲಿದ್ದ ಟವೆಲ್ಲಿನ ಕೆಳಗೆ ಅವಳ ಕೈ ಬಂತು, ಅವನ ಬಲಗೈಯ ಹೆಬ್ಬೆರಳು ಹಿಡಿಯಿತು.

“ಇದು, ಫುಲ್ ಇನ್ಶೂರೆನ್ಸ್. ನನ್ನ ಫೋನಿನಾಗ.” ಮುಂದಿನ ಬೆರಳು ಹಿಡಿದಳು. “ಇದು, ನಾ ಎಲ್ಲಾ ಪುಟ ಓದೂದು.” ಮೂರನೆಯದು. “ಮಾವಾರಿಗೆ ರೇಟ್ ಹೇಳೂದಿಲ್ಲ.” ನಾಲ್ಕನೆಯದು. “ನಿಂಬಿಹಣ್ಣು ಸಣ್ಣವು.”

“ಐದನೇದು?”

“ಕಾರು ಐತವಾರ ಅಷ್ಟ. ಉಳಿದ ದಿನ ನೀವು ಇಲ್ಲೇ, ನನ್ನ ಬಾಜೂ.”

ಗವಿಸಿದ್ದೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸಾಲ ಮಾಡಿ ಕಾರು ಕೊಂಡದ್ದು, ಲೈಸನ್ಸು ತೆಗೆಸಿದ್ದು, ಗೋಡೆ ಕೆಡವಿದ್ದು, ಎಲ್ಲವೂ ಈ ಒಂದು ಸೀಟಿಗಾಗಿ! ಅದಕ್ಕೆ ಒಂದು ಬಸ್ ಟಿಕೆಟ್ಟು ಸಾಕಾಗಿತ್ತು.

“ಮೊದಲ ಯಾಕ ಹೇಳಲಿಲ್ಲ?”

“ಎಂಟ ತಿಂಗಳಿಂದ ಬಾಜೂ ಸೀಟಿನ ಮ್ಯಾಲೆ ಕರ್ಚೀಫ್ ಹಾಕಿ ಕುಂದ್ರತಿದ್ದೆ. ನೀವು ನೋಡಿದ್ರ ಹಿಂದ ಬೈಕಿನ ಮ್ಯಾಲೆ ಧೂಳು ತಿನಕೋತ ಬರ್ತಿದ್ರಿ. ಮತ್ತ ಮೊಣಕೈ ಯಾರ ಸಲುವಾಗಿ ಕಿಟಕಿಗೆ ಇಡ್ತಿದ್ದೆ ಅಂದ್ಕೊಂಡ್ರಿ?”

ಒಂದು ಬೆರಳನ್ನೂ ಮಡಿಸದೆ ಗವಿಸಿದ್ದೇಶ ವ್ಯಾಪಾರ ಒಪ್ಪಿಕೊಂಡ. ಅಮರಪ್ಪನ ಮನೆತನದಲ್ಲಿ ಹೀಗಾದದ್ದು ಇದೇ ಮೊದಲು. ಕಂಡಕ್ಟರ್ ಬಂದು ಅವಳಿಗೆ ಪುಕ್ಕಟೆ ಟಿಕೆಟ್ ಹರಿದು ಕೊಟ್ಟು, ಇವನ ಮುಂದೆ ಕೈಚಾಚಿದ. ಗವಿಸಿದ್ದೇಶ ಮೈಯೆಲ್ಲ ತಿರುಚಿ, ಬಲಗಡೆಯ ಜೇಬಿನಿಂದ ಎಡಗೈಯಲ್ಲೇ ರೊಕ್ಕ ತೆಗೆದುಕೊಟ್ಟ.