ಚೇಳಿನ ಕೊಂಡಿ ಎಡಕ್ಕೋ ಬಲಕ್ಕೋ

ತೊಂದರೆ ಶುರುವಾದದ್ದು ಒಂದು ಸೌತೆಕಾಯಿಯಿಂದ. ವಾರಪತ್ರಿಕೆಯ ಕೈತೋಟದ ಅಂಕಣಕ್ಕೆ ಯಾರೋ ಇಂಟರ್‌ನೆಟ್ಟಿನಿಂದ ಸೌತೆಕಾಯಿಯ ಫೋಟೊ ಎತ್ತಿ ಹಾಕಿದ್ದರು. ಆ ಸೌತೆಕಾಯಿಗೆ ಒಬ್ಬ ಫೋಟೊಗ್ರಾಫರ್ ಇದ್ದ, ಫೋಟೊಗ್ರಾಫರ್‌ಗೆ ಒಬ್ಬ ವಕೀಲನಿದ್ದ, ವಕೀಲನಿಗೆ ಬೇಕಾದಷ್ಟು ಬಿಡುವಿತ್ತು. ಮೂರು ಪುಟದ ನೋಟಿಸು ಬಂತು. ಅಂದಿನಿಂದ ಸಂಪಾದಕರು ಯಾವ ಚಿತ್ರ ಕಂಡರೂ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

ಇದರ ಬಿಸಿ ಹೆಚ್ಚು ತಟ್ಟಿದ್ದು ಏಳನೇ ಪುಟಕ್ಕೆ. ಏಳನೇ ಪುಟ ಎಂದರೆ ಒಬ್ಬ ಉಪಸಂಪಾದಕ. ಹದಿನಾಲ್ಕು ವರ್ಷದಿಂದ ಆ ಪುಟವನ್ನು ಅವನೇ ನೋಡಿಕೊಳ್ಳುತ್ತಿದ್ದುದರಿಂದ ಕಚೇರಿಯಲ್ಲಿ ಅವನಿಗೆ ಅದೇ ಹೆಸರಾಗಿಬಿಟ್ಟಿತ್ತು. “ಏಳನೇ ಪುಟಕ್ಕೆ ಇವತ್ತು ನೆಗಡಿಯಂತೆ” ಎಂದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ.

ಬೆಳಗ್ಗೆ ಹತ್ತಕ್ಕೆ ಸಂಪಾದಕರು ನಾಲ್ಕು ಹಾಳೆ ತಂದು ಅವನ ಮೇಜಿನ ಮೇಲಿಟ್ಟರು. “ನಕ್ಷತ್ರಪುಂಜಗಳ ಮೇಲೆ ಲೇಖನಮಾಲೆ. ಮೊದಲನೇದು ವೃಶ್ಚಿಕ. ಬರೆದಿರೋರು ನಮ್ಮ ಮನೆಯವರ ಸೋದರಮಾವ. ಐದು ಗಂಟೆಗೆ ಪುಟ ಮುದ್ರಣಕ್ಕೆ ಹೋಗ್ಬೇಕು. ಒಂದು ಚಿತ್ರ ಹಾಕಿ.”

“ಆಗ್ಲಿ ಸರ್.”

“ಯಾರೂ ನಮ್ಮದು ಅಂತ ಬರಬಾರದು. ಬಂದ್ರೆ ನಿಮ್ಮನ್ನ ಶ್ರದ್ಧಾಂಜಲಿ ಪುಟಕ್ಕೆ ಹಾಕ್ತೀನಿ.”

ಆ ಪುಟ ನೋಡಿಕೊಳ್ಳುವವನಾಗಿಯೋ ಅದರೊಳಗಿನ ಫೋಟೊ ಆಗಿಯೋ ಎಂಬುದನ್ನು ಅವರು ಸ್ಪಷ್ಟಪಡಿಸಲಿಲ್ಲ.

ಏಳನೇ ಪುಟ ಹುಡುಕಲು ಕುಳಿತ. ಮೊದಲ ಚಿತ್ರ ಸಿಕ್ಕಿದ್ದು ಹತ್ತೇ ನಿಮಿಷದಲ್ಲಿ. ಕಪ್ಪು ಆಕಾಶದಲ್ಲಿ ಚೇಳು ಕಣ್ಣಿಗೆ ಕಟ್ಟುವಂತಿತ್ತು. ಕೆಳಗೆ ಸಣ್ಣಕ್ಷರದಲ್ಲಿ ‘ಲಾಭದ ಉದ್ದೇಶವಿಲ್ಲದವರು ಬಳಸಬಹುದು’ ಎಂದಿತ್ತು. ಅವನಿಗೆ ಜೀವ ಬಂದಂತಾಯಿತು. ಆದರೂ ಒಂದು ಮಾತು ಕೇಳಿಬಿಡೋಣ ಎಂದು ವಕೀಲನಾಗಿದ್ದ ತನ್ನ ಭಾವನಿಗೆ ಫೋನು ಮಾಡಿದ.

“ಭಾವ, ನಮ್ಮ ಪತ್ರಿಕೆಗೆ ಲಾಭಾನೇ ಇಲ್ವಲ್ಲ, ಹಾಕಬಹುದಾ?”

“ಲಾಭ ಬರದೇ ಇರೋದು ಬೇರೆ, ಬೇಡ ಅನ್ನೋದು ಬೇರೆ ಕಣೋ” ಎಂದು ಭಾವ ಫೋನಿಟ್ಟ.

ಎರಡನೆಯ ಚಿತ್ರವನ್ನು ಯಾರು ಬೇಕಾದರೂ ಬಳಸಬಹುದಿತ್ತು. ತೆಗೆದವನ ಹೆಸರು ಹಾಕಿದರೆ ಸಾಕು. ಆದರೆ ಆ ಪುಣ್ಯಾತ್ಮ ಇಂಟರ್‌ನೆಟ್ಟಿನಲ್ಲಿ ಇಟ್ಟುಕೊಂಡಿದ್ದ ಹೆಸರು ‘ಬೋಳುತಲೆ ಬೆಕ್ಕು’. ಸಂಪಾದಕರು ಪುಟದ ಮೇಲೆ ಬಗ್ಗಿ “ಚಿತ್ರಕೃಪೆ: ಬೋಳುತಲೆ…” ಎಂದು ಓದಿ, ತಮ್ಮ ತಲೆಯ ಮೇಲೆ ಒಮ್ಮೆ ಕೈಯಾಡಿಸಿ, ಮುಂದಕ್ಕೆ ಓದಲಿಲ್ಲ.

“ಬೇರೆ ನೋಡಿ” ಎಂದಷ್ಟೇ ಹೇಳಿದರು.

ಮೂರನೆಯದಕ್ಕೆ ಯಾವ ಷರತ್ತೂ ಇರಲಿಲ್ಲ, ಹೆಸರೂ ಬೇಕಿರಲಿಲ್ಲ. ಪುಟ ಕಟ್ಟುವ ಕಲಾವಿದ ಅದನ್ನು ನಾಲ್ಕು ಕಾಲಂ ಅಗಲಕ್ಕೆ ಹಿಗ್ಗಿಸಿದ. ಪ್ರೂಫ್ ನೋಡುವ, ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು ಕನ್ನಡಕ ಏರಿಸಿಕೊಂಡು ಬಂದು ನಿಂತಳು. ಮೂವತ್ತು ವರ್ಷ ತಪ್ಪು ಹುಡುಕಿದ ಕಣ್ಣು ಅದು.

“ಮೂಲೇಲಿ ಅದೇನೋ ಹಿಡಿಕೆ?”

ಕಲಾವಿದ ಇನ್ನಷ್ಟು ಹಿಗ್ಗಿಸಿದ. ಹಿಡಿಕೆಯೇ. ಅದು ಆಕಾಶವಲ್ಲ, ಬಾಣಲೆ. ಯಾರೋ ಕಪ್ಪು ಬಾಣಲೆಯ ಮೇಲೆ ಹಿಟ್ಟು ಉದುರಿಸಿ ಫೋಟೊ ತೆಗೆದು ‘ನಕ್ಷತ್ರಗಳು’ ಎಂದು ಹೆಸರಿಟ್ಟಿದ್ದ.

“ಪರವಾಗಿಲ್ಲ ಬಿಡಿ, ಹಿಡಿಕೆ ಕತ್ತರಿಸಿಬಿಡ್ತೀನಿ” ಎಂದ ಕಲಾವಿದ.

“ಓದುಗರ ಕಣ್ಣನ್ನೂ ಕತ್ತರಿಸ್ತೀಯಾ?” ಎಂದಳು ಅಕ್ಕ.

ಗಂಟೆ ಮೂರಾಯಿತು. ಏಳನೇ ಪುಟ ಊಟ ಮಾಡಿರಲಿಲ್ಲ. ಕಿಟಕಿಯಾಚೆ ಬಿಸಿಲು ಚುರುಗುಟ್ಟುತ್ತಿತ್ತು. ಮಹಡಿ ಹತ್ತಿ ಸ್ವತಃ ಫೋಟೊ ತೆಗೆಯೋಣವೆಂದರೆ ಆಕಾಶದಲ್ಲಿ ಇದ್ದದ್ದು ಒಂದೇ ನಕ್ಷತ್ರ, ಅದನ್ನು ನೋಡಿದರೆ ಕಣ್ಣು ಹೋಗುತ್ತಿತ್ತು. ಕಲಾವಿದನಿಗೆ ಬಿಡಿಸಿಕೊಡಪ್ಪಾ ಎಂದರೆ ಅವನು ಮುಖಪುಟದಲ್ಲಿ ಮುಳುಗಿದ್ದ.

ಆಗ ಅಕ್ಕನೇ ದಾರಿ ತೋರಿಸಿದಳು. “ನೀನೇ ಮಾಡ್ಕೋ. ಸ್ವಂತದ್ದಕ್ಕೆ ಯಾರಪ್ಪನ ಅಪ್ಪಣೆ?”

ಹಳೆಯ ಫೈಲಿನ ಕಪ್ಪು ರಟ್ಟು ಹರಿದರು. ಲೇಖನದ ಹಾಳೆ ಮುಂದಿಟ್ಟುಕೊಂಡು ಏಳನೇ ಪುಟ ಗುಂಡುಪಿನ್ನಿನಿಂದ ಚುಚ್ಚತೊಡಗಿದ. ತಲೆಗೆ ಮೂರು ತೂತು, ಎದೆಗೆ ದೊಡ್ಡದೊಂದು, ಆಮೇಲೆ ಬಾಲ. ಎರಡು ಸಲ ಬೆರಳಿಗೇ ಚುಚ್ಚಿಕೊಂಡ. “ಚೇಳು ಕುಟುಕ್ತಾ?” ಎಂದು ಹಾದುಹೋದವರೆಲ್ಲ ಕೇಳಿದರು, ಕೇಳಿದ ಪ್ರತಿಯೊಬ್ಬನೂ ಅದನ್ನು ತಾನೇ ಮೊದಲು ಕೇಳಿದವನಂತೆ ನಕ್ಕ. ಅಕ್ಕ ರಟ್ಟನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಹಿಂದಿನಿಂದ ಬಿಸಿಲು ತೂರಿ ಬಂತು, ಅವನು ಮೊಬೈಲಿನಲ್ಲಿ ಫೋಟೊ ತೆಗೆದ.

ಎಲ್ಲರೂ ಎದ್ದು ಬಂದು ನೋಡಿದರು. ಪರದೆಯ ಮೇಲೆ ನಿಜವಾದ ಆಕಾಶವಿತ್ತು. ತೂತಿನ ಅಂಚುಗಳಿಂದ ಬೆಳಕು ಚಿಮ್ಮಿ ನಕ್ಷತ್ರಗಳು ಮಿನುಗುತ್ತಿದ್ದವು. ಹದಿನಾಲ್ಕು ವರ್ಷ ಬೇರೆಯವರ ವಾಕ್ಯಗಳಿಗೆ ಅಲ್ಪವಿರಾಮ ಹಾಕುತ್ತ ಬಂದವನ ಕೈಯಿಂದ ಮೊದಲ ಬಾರಿಗೆ ತನ್ನದೆನ್ನುವ ಒಂದು ವಸ್ತು ಹುಟ್ಟಿತ್ತು. ಕಲಾವಿದ ಎದೆಯ ನಕ್ಷತ್ರಕ್ಕೆ ಒಂದಿಷ್ಟು ಕೆಂಪು ಕೊಟ್ಟ.

“ಸೊಗಸಾಗಿದೆ. ಆದ್ರೆ ರಟ್ಟನ್ನ ಯಾವ ಕಡೆಯಿಂದ ಚುಚ್ಚಿದ್ದು, ಯಾವ ಕಡೆಯಿಂದ ತೆಗೆದಿದ್ದು?” ಎಂದಳು ಅಕ್ಕ. “ಕೊಂಡಿ ಎಡಕ್ಕೆ ಬರ್ಬೇಕೋ ಬಲಕ್ಕೋ?”

ಲೇಖನದಲ್ಲಿ ಅದಿರಲಿಲ್ಲ. ನಾಲ್ಕೂವರೆಯಾಗಿತ್ತು. ಬರೆದವರನ್ನೇ ಕೇಳಿದರಾಯಿತೆಂದು ಏಳನೇ ಪುಟ ಸಂಪಾದಕರ ಹೆಂಡತಿಯ ಸೋದರಮಾವನಿಗೆ ಫೋನು ಮಾಡಿದ.

“ಸರ್, ಚೇಳಿನ ಕೊಂಡಿ ಯಾವ ಕಡೆ?”

“ಚಿತ್ರದಲ್ಲಿ ಹೇಗಿದೆಯೋ ಹಾಗೆ ಹಾಕಿ.”

“ಯಾವ ಚಿತ್ರ ಸರ್?”

“ಅದೇ ಇಂಟರ್‌ನೆಟ್ಟಲ್ಲಿ, ಬರಹದ ಪಕ್ಕದಲ್ಲೇ ಇದೆಯಲ್ಲ.”

“ಯಾವ ಬರಹದ ಪಕ್ಕ?”

“ನಾನು ಕೊಟ್ಟಿದೀನಲ್ಲ, ಅದರದ್ದೇ ರೀ! ಚಿತ್ರ ಎತ್ಕೊಳ್ಳೋಕೆ ನಂಗೆ ಬರಲಿಲ್ಲ, ಅಕ್ಷರ ಮಾತ್ರ ಎತ್ಕೊಂಡೆ.”

ಏಳನೇ ಪುಟ ಇಂಟರ್‌ನೆಟ್ಟಿನಲ್ಲಿ ಹುಡುಕಿದ. ಇತ್ತು. ಅಕ್ಷರಶಃ ಇತ್ತು. ‘ನಮ್ಮಜ್ಜಿ ನನ್ನನ್ನು ಅಂಗಳದಲ್ಲಿ ಮಲಗಿಸಿಕೊಂಡು ಚೇಳನ್ನು ತೋರಿಸಿದ್ದರು’ ಎಂಬ ಮೊದಲ ವಾಕ್ಯವೂ, ಆ ಅಜ್ಜಿಯೂ, ಯಾರೋ ಕಾಲೇಜು ಅಧ್ಯಾಪಕಿಗೆ ಸೇರಿದ್ದವು. ಪಕ್ಕದ ಚಿತ್ರದಲ್ಲಿ ಕೊಂಡಿ ಎಡಕ್ಕಿತ್ತು.

ಅವನು ಸಂಪಾದಕರ ಕೋಣೆಗೆ ಹೋಗಿ ಎಲ್ಲ ಹೇಳಿದ. ಸಂಪಾದಕರು ಎದ್ದು ಬಾಗಿಲು ಮುಚ್ಚಿ ಬಂದರು.

“ಚಿತ್ರ ಮಾತ್ರ ನಿಮ್ಮ ಸ್ವಂತದ್ದು ತಾನೆ?”

“ಹೌದು ಸರ್” ಎಂದ, ಕೊಂಚ ಹೆಮ್ಮೆಯಿಂದಲೇ.

“ಹಾಗಾದ್ರೆ ಲೇಖನಾನೂ ಸ್ವಂತವಾಗಿ ಬರೆದುಬಿಡಿ. ಆರುನೂರು ಪದ. ಮುದ್ರಣದವರಿಗೆ ಅರ್ಧ ಗಂಟೆ ತಡ ಅಂತ ಹೇಳ್ತೀನಿ.”

“ಹೆಸರು ಸರ್?”

“ಹೆಸರು ಮಾವಂದೇ ಇರ್ಲಿ. ಬಳಗಕ್ಕೆಲ್ಲ ಹೇಳ್ಕೊಂಡಿದಾರೆ. ಮನೇಲಿ ನಾನು ಬದುಕಬೇಕಲ್ರೀ.”

ಏಳನೇ ಪುಟ ಬರೆದ. ಯಾರ ವಾಕ್ಯವೂ ತಗಲದಂತೆ, ಇಲ್ಲದ ಅಜ್ಜಿಯನ್ನು ಕರೆತರದೆ, ಪಿನ್ನು ಚುಚ್ಚಿದ ಬೆರಳಿನಲ್ಲೇ ಟೈಪು ಮಾಡಿದ. ಕಲಾವಿದ ಚಿತ್ರವನ್ನು ತಿರುಗಿಸಿ ಕೊಂಡಿಯನ್ನು ಎಡಕ್ಕೆ ತಂದ. ಅಕ್ಕ ಓದಿ ಒಂದೇ ಒಂದು ತಪ್ಪು ಹುಡುಕಿದಳು. “ಮಾವನಿಗಿಂತ ಚೆನ್ನಾಗಿದೆ” ಎಂದಳು.

ಐದೂವರೆಗೆ ಎರಡು ನಿಮಿಷವಿರುವಾಗ ಅವನು ಚಿತ್ರದ ಕೆಳಗೆ ಮೆಲ್ಲನೆ ತನ್ನ ಹೆಸರು ಹಾಕಿದ. ಆಗಲೇ ಫೋನು ಬಂತು.

“ನಾನಪ್ಪಾ, ಮಾವ. ಚಿತ್ರ ನೀವೇ ಮಾಡಿದಿರಂತೆ, ಭೇಷ್. ಆದ್ರೆ ಅದರ ಕೆಳಗೂ ನನ್ನ ಹೆಸರೇ ಹಾಕಿಬಿಡಿ. ಈಗಿನ ಕಾಲ ಸರಿ ಇಲ್ಲ, ಯಾರಾದ್ರೂ ಎತ್ಕೊಂಡು ಹೋಗಿಬಿಡ್ತಾರೆ.”