ಏಳನೆಯ ಆಕ್ಟೋಪಸ್

ಬೆಳಿಗ್ಗೆ ಬಾಗಿಲು ತೆರೆದರೆ ನಾಲ್ಕನೇ ತೊಟ್ಟಿ ಖಾಲಿ. ಮುಚ್ಚಳ ಓರೆಯಾಗಿತ್ತು, ಒದ್ದೆ ಗೆರೆಯೊಂದು ಚರಂಡಿಯವರೆಗೆ ಹೋಗಿತ್ತು. ನೇಪಲ್ಸಿನ ಆ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಆಕ್ಟೋಪಸ್‌ಗಳ ಚಾಕರಿ ಮಾಡಿ ಸುಸ್ತಾಗಿದ್ದ ಕಟೆಲ್ಲೊ ಸ್ಟೂಲಿನ ಮೇಲೆ ಕುಸಿದ. ಪರವಾನಗಿಯಲ್ಲಿರುವುದು ಆರು. ಮಧ್ಯಾಹ್ನ ಮೂರಕ್ಕೆ ಇನ್‌ಸ್ಪೆಕ್ಟರ್ ಬರುತ್ತಾರೆ. ಲೆಕ್ಕ ತಪ್ಪಿದರೆ ನಾಳೆಯಿಂದ ಸಿಕ್ಕಿದ್ದ ರಜೆ ರದ್ದು. ನಾಡಿದ್ದು ಪ್ರೋಚಿದಾ ದ್ವೀಪದಲ್ಲಿ ಮೊದಲ ಮೊಮ್ಮಗನ ಜ್ಞಾನಸ್ನಾನ.

“ಅದಕ್ಯಾಕೆ ತಲೆ ಕೆಡಿಸ್ಕೋತೀಯ ಮಾರಾಯ,” ಎಂದ ಕಾವಲುಗಾರ ಸಬಾಟೊ. “ಮೀನು ಮಾರ್ಕೆಟ್ಟಿಂದ ಒಂದು ತಂದು ಬಿಡು. ಮುಖ ನೋಡಿ ಗುರುತು ಹಿಡಿಯೋರು ಯಾರಿದಾರೆ?”

ಮಾರ್ಕೆಟ್ಟಿನ ತಿತಿನಾ ಒಂದನ್ನು ಎತ್ತಿ ತೋರಿಸಿದಳು. “ತುಂಬಿದ ಹೆಣ್ಣು ಅಣ್ಣಾ, ರುಚಿ ಜಾಸ್ತಿ. ಆಲೂಗಡ್ಡೆ ಹಾಕಿ ಬೇಯಿಸು.”

“ಬೇಯ್ಸಲ್ಲ. ಸಾಕ್ತೀನಿ.”

“ಹೆಂಡ್ತಿ ಹೋದ್ಮೇಲೆ ಹಿಂಗಾಗಿದಾನೆ ಪಾಪ,” ಎಂದಳು ಪಕ್ಕದಲ್ಲಿದ್ದವಳು. ಹೆಂಡತಿ ಮನೆಯಲ್ಲಿ ಗುಂಡುಕಲ್ಲಿನಂತಿದ್ದಳು. ತಿದ್ದುವಷ್ಟು ತ್ರಾಣ ಕಟೆಲ್ಲೊಗೆ ಇರಲಿಲ್ಲ.

ಮೂರಕ್ಕೆ ಇನ್‌ಸ್ಪೆಕ್ಟರ್ ಫೆರಾಯೋಲಿ ಮೇಡಂ ಬಂದು ಎಣಿಸಿದರು. ಆರು. ಸಹಿ ಹಾಕಲು ಪೆನ್ನು ತೆಗೆಯುವಷ್ಟರಲ್ಲಿ ನೆಲ ಒರೆಸುವ ಇಮ್ಮಾ ಬಕೆಟ್ ಹಿಡಿದು ಬಂದಳು. “ಕಟೆಲ್ಲೊ, ನಿನ್ನ ಕೂಸು ಇದರಲ್ಲಿ ಮಲಗಿತ್ತು ನೋಡು.”

ಏಳಾಯಿತು. ಕಟೆಲ್ಲೊ ಎಲ್ಲ ಒಪ್ಪಿಕೊಂಡ. “ಹೊಸದನ್ನ ಮನೆಗೊಯ್ದು ಬೇಯಿಸ್ಕೋತೀನಿ ಮೇಡಂ.”

“ಆಗಲ್ಲ ರೀ. ಮಾರ್ಕೆಟ್ಟಲ್ಲಿದ್ದಾಗ ಅದು ಊಟ. ಈ ಹೊಸ್ತಿಲು ದಾಟಿದ ಮೇಲೆ ಪ್ರಯೋಗದ ಪ್ರಾಣಿ. ಕೊಲ್ಲೋಕೂ ಅನುಮತಿ ಬೇಕು, ಹೊರಗೆ ಒಯ್ಯೋಕೂ ಬೇಕು.” ಅವನ ಜೋಲು ಮುಖ ನೋಡಿ ಅವರು ಮೆತ್ತಗಾದರು. “ಹೋಗಲಿ, ಏಳನೇದನ್ನ ಸೇರಿಸ್ಕೊಳ್ಳಿ ಅಂತ ಪರವಾನಗಿ ಸಮಿತಿಗೆ ನಾನೇ ಬರೀತೀನಿ. ನೀವು ರಜೆಗೆ ಹೋಗಿ.”

ಕಟೆಲ್ಲೊನ ಕಣ್ಣು ತುಂಬಿತು. ಮೇಡಂ ಹೊಸದನ್ನು ನೋಡಲು ತೊಟ್ಟಿಯೊಳಗೆ ಅದು ಅಡಗಿ ಕೂತಿದ್ದ ಮಡಕೆಗೆ ಟಾರ್ಚ್ ಬೆಳಕು ಬಿಟ್ಟರು. ಒಳಗೆ ಅಕ್ಕಿನುಚ್ಚು ಪೋಣಿಸಿದಂಥ ಬಿಳಿ ಎಳೆಗಳು ನೇತಾಡುತ್ತಿದ್ದವು.

“ಮೊಟ್ಟೆ ಇಡ್ತಾ ಇದೆಯಲ್ರೀ.”

“ಇಟ್ಕೊಳ್ಳಲಿ ಬಿಡಿ ಮೇಡಂ.”

“ಮರಿಯಾದ ಕೂಡಲೇ ಒಂದೊಂದೂ ಕಾನೂನಿನ ಲೆಕ್ಕಕ್ಕೆ ಬರುತ್ತೆ. ಒಂದು ಲಕ್ಷ ಆದ್ರೂ ಆಗಬಹುದು. ತಂದವರು ನೀವು, ಇವತ್ತಿಂದಲೇ ಮೊಟ್ಟೆ ಎಣಿಸೋಕೆ ಶುರು ಮಾಡಿ, ಮುಗಿಯೋವರೆಗೆ ಕದಲೋ ಹಾಗಿಲ್ಲ.”

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಗಳು.

“ಅಪ್ಪಾ, ಹಡಗಿನ ಟಿಕೆಟ್ ತಗೊಂಡ್ಯಾ?”

“ಇಲ್ಲಮ್ಮಾ,” ಎಂದ ಕಟೆಲ್ಲೊ, ಮತ್ತೆ ಸ್ಟೂಲಿನ ಮೇಲೆ ಕೂರುತ್ತ. “ಇಲ್ಲೂ ನನಗೆ ಮೊಮ್ಮಕ್ಕಳಾಗೋದರಲ್ಲಿದ್ದಾರೆ. ಒಂದು ಲಕ್ಷ.”