ರೈಫಲ್ಲಿನ ಸೈಟು ಸಡಿಲಿಸಿದವರು ಯಾರು?

ಮನೆಯಲ್ಲಿ ಏನಾದರೂ ಕೆಟ್ಟಾಗ ಕೆಲವರು ಸ್ಕ್ರೂಡ್ರೈವರ್ ಹುಡುಕುತ್ತಾರೆ. ನಾನು ಆರೋಪಿಯನ್ನು ಹುಡುಕುತ್ತೇನೆ. ಜಮಖಂಡಿ ಕೋರ್ಟಿನಲ್ಲಿ ಇಪ್ಪತ್ತು ವರ್ಷ ವಕೀಲಿ ಮಾಡಿದ್ದರ ಫಲವಿದು. ಫ್ಯಾನು ಕಿರುಗುಟ್ಟಲಿ, ನಳ ಸೋರಲಿ, ಮೊದಲು ಎದುರಿಗೆ ಸಿಕ್ಕವರನ್ನು ಪಾಟೀಸವಾಲಿಗೆ ಎಳೆಯುತ್ತೇನೆ. ನಮ್ಮ ಮನೆಯಲ್ಲಿ ಎದುರಿಗೆ ಸಿಗುವವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ.

ಹನ್ನೆರಡು ವರ್ಷ ಅವಳ ಮೇಲೆ ನಡೆದ ದೊಡ್ಡ ಕೇಸೆಂದರೆ ಅಜ್ಜನ ರೈಫಲ್ಲಿನದು. ಸಂಸ್ಥಾನದ ಕಾಲದಲ್ಲಿ ಅಜ್ಜ ಅದನ್ನು ಕೊಂಡದ್ದು ಹಲಗೆಗೆ ಅಂಟಿಸಿದ ಕಾಗದದ ಗುರಿಗೆ ಹೊಡೆಯಲಿಕ್ಕೆ. ಬೇಟೆಗೆ ಅದು ಎಂದೂ ಹೋದದ್ದಿಲ್ಲ. ಹಿಂಭಾಗದಲ್ಲಿ, ಕಣ್ಣಿಟ್ಟು ನೋಡುವ ಕಡೆ, ತೂತಿರುವ ಸಣ್ಣ ಪಟ್ಟಿಯೊಂದಿದೆ. ಅದೇ ಹಿಂದಿನ ಸೈಟು. ಎಳ್ಳಿನಷ್ಟು ಚಿಕ್ಕ ಎರಡು ಸ್ಕ್ರೂಗಳ ಮೇಲೆ ಅದು ನಿಂತಿದೆ. ಪಟ್ಟಿ ಕೂದಲೆಳೆಯಷ್ಟು ಅಲುಗಿದರೂ ಗುಂಡು ದಿಕ್ಕು ತಪ್ಪುತ್ತದೆ. ಪ್ರತಿ ವರ್ಷ ಬಾಗಲಕೋಟೆಯ ಗುರಿ ಹೊಡೆಯುವ ಸ್ಪರ್ಧೆಯ ಹೊತ್ತಿಗೆ ಸರಿಯಾಗಿ ಅದು ಸಡಿಲಾಗಿರುತ್ತಿತ್ತು, ನಾನು ಬರಿಗೈಯಲ್ಲಿ ವಾಪಸಾಗುತ್ತಿದ್ದೆ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಬೇಕಲ್ಲ, ಒಂದೆರಡು ಸಲ ಪೊಲೀಸರ ಮೇಲೂ ಸಂಶಯ ಬಂತು. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡೆ. ಬಾಯಿಬಿಟ್ಟು ಅಂದದ್ದು ಗಿರಿಜಾಳಿಗೆ.

"ಧೂಳು ಹೊಡಿಯೂ ಮುಂದ ನೀನ ಜಗ್ಗಿರಬೇಕು."

"ನಾ ಅದರ ಹಂತೇಕ ಸೈತ ಹೋಗಂಗಿಲ್ರಿ. ಅದನ್ನ ಕಂಡ್ರನ ನನಗ ಅಂಜಿಕಿ."

ಆರೋಪಿಗಳೆಲ್ಲ ಹೀಗೇ ಅನ್ನುತ್ತಾರೆಂದು ನಾನು ಫೈಲು ಮುಚ್ಚಿದೆ.

ಈ ಸಲ ನನಗೆ ಐವತ್ತು ತುಂಬಿತು. ಕಣ್ಣು ಮಂಜಾಗುವ ಮೊದಲು ಒಂದೇ ಒಂದು ಕಪ್ ಮನೆಗೆ ಬರಲಿ ಎಂಬ ಆಸೆ ಹಟವಾಗಿ ಕೂತಿತು. ಸ್ಪರ್ಧೆಗೆ ನಾಲ್ಕು ದಿನವಿರುವಾಗ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬನಹಟ್ಟಿಗೆ ಹೋದೆ. ಅಲ್ಲಿ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುವ ಚನ್ನಪ್ಪ ಮೇಸ್ತ್ರಿ ನನ್ನ ಹಳೆಯ ಕಕ್ಷಿದಾರ. ಅವನು ಸ್ಕ್ರೂ ಬಿಚ್ಚಿ ಒರೆಸಿ, ಪಟ್ಟಿಯ ಕೆಳಗೆ ತೆಳ್ಳನೆಯ ತಗಡಿನ ಚೂರು ಕೊಟ್ಟು ಬಿಗಿದ. ಆಮೇಲೆ ಕಡ್ಡಿಯಿಂದ ಕೆಂಪು ಬಣ್ಣ ಅದ್ದಿ, ಸ್ಕ್ರೂ ಮತ್ತು ಪಟ್ಟಿ ಎರಡಕ್ಕೂ ತಾಗುವಂತೆ ಒಂದು ಗೆರೆ ಎಳೆದ.

"ಇದೇನೋ ಚನ್ನಪ್ಪಾ?"

"ಮಗ್ಗದ ಬೋಲ್ಟಿಗಿ ಹಿಂಗ ಹಾಕ್ತೇವ್ರಿ ಸಾಹೇಬ್ರ. ಯಾರರೆ ತಿರುವಿದ್ರ ಗೆರಿ ಮುರೀತದ. ಆಮ್ಯಾಲೆ ನಾ ಅಲ್ಲ ನೀ ಅಲ್ಲ ಅನ್ನಾಕ ಬರಂಗಿಲ್ಲ."

ಇಂಥ ಸಾಕ್ಷಿ ಕೋರ್ಟಿನಲ್ಲೂ ನನಗೆ ಸಿಕ್ಕಿರಲಿಲ್ಲ. ಮನೆಗೆ ಬಂದು ಗೆರೆಯನ್ನು ಗಿರಿಜಾಳಿಗೆ ತೋರಿಸಿದೆ, "ಈ ಸಲ ಗೊತ್ತಾಗತೈತಿ" ಎಂದೆ. ರೈಫಲ್ಲನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ನನ್ನ ಉಡದಾರಕ್ಕೇ ಕಟ್ಟಿಕೊಂಡೆ.

ಆದರೆ ಕೂತಲ್ಲಿ ಕೂರಲಾಗಲಿಲ್ಲ. ಮುಳುಗಡೆಯಾದ ಹೊಲದ ಪರಿಹಾರಕ್ಕೆ ಬಂದ ಕಕ್ಷಿದಾರರು ಸರ್ವೆ ನಂಬರು ಹೇಳುತ್ತಿದ್ದರೆ ನಾನು ಪೆನ್ನಿನ ಟೊಪ್ಪಿಗೆ ತಿರುವುತ್ತ ಸೈಟಿನ ಚಿಂತೆ ಮಾಡುತ್ತಿದ್ದೆ. ಗಟ್ಟಿ ಇದೆಯೋ ಇಲ್ಲವೋ? ಕೋರ್ಟಿಗೆ ಹೋಗುವ ಮುಂಚೆ ಒಮ್ಮೆ ಕಪಾಟು ತೆಗೆದು ಬೆರಳಿಟ್ಟು ಅಲ್ಲಾಡಿಸಿ ನೋಡಿದೆ. ಗಟ್ಟಿ ಇತ್ತು. ಊಟಕ್ಕೆ ಬಂದಾಗ ಇನ್ನೊಮ್ಮೆ. ಚಹಾದ ನಂತರ, ಇರಲಿ ಎಂದು, ಸ್ಕ್ರೂಡ್ರೈವರಿನಿಂದ ಒಂದಿಷ್ಟು ಆಚೆ ತಿರುವಿ ಮತ್ತೆ ಬಿಗಿದೆ. ಗಟ್ಟಿ ಇರುವುದು ಖಾತ್ರಿಯಾಗಬೇಕಾದರೆ ಸ್ವಲ್ಪ ಸಡಿಲಿಸಿಯೇ ನೋಡಬೇಕಲ್ಲ!

ಶನಿವಾರ ಬೆಳಿಗ್ಗೆ ನೋಡಿದರೆ ಗೆರೆ ಮುರಿದಿತ್ತು. ಅರ್ಧ ಸ್ಕ್ರೂವಿನ ಮೇಲೆ, ಅರ್ಧ ಪಟ್ಟಿಯ ಮೇಲೆ, ಒಂದಕ್ಕೊಂದು ಸಂಬಂಧವಿಲ್ಲದಂತೆ. ಕೀಲಿ ನನ್ನ ಸೊಂಟದಲ್ಲೇ ಇತ್ತು, ಪ್ರತಿ ವರ್ಷ ಹೀಗೇ ತಿರುವಿ ನೋಡುತ್ತಿದ್ದವನೂ ನಾನೇ. ಹನ್ನೆರಡು ವರ್ಷದ ಆರೋಪಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮರ್ಯಾದೆಯುಳ್ಳ ಮನುಷ್ಯನಾಗಿದ್ದರೆ ಆಗಲೇ ಹೋಗಿ ತಪ್ಪೊಪ್ಪಿಕೊಳ್ಳುತ್ತಿದ್ದೆ. ನಾನು ಮಾಡಿದ್ದು ಬೇರೆ: ಸ್ಕ್ರೂ ಬಿಗಿದು, ಹಳೆಯ ಗೆರೆಯನ್ನು ಕೆರೆದು, ಅವಳದೇ ಉಗುರುಬಣ್ಣದ ಶೀಸೆ ತಂದು ಹೊಸ ಗೆರೆ ಎಳೆದೆ. ಸಾಕ್ಷ್ಯ ತಿದ್ದುವುದು ಎಂಥ ಅಪರಾಧವೆಂದು ಎಷ್ಟೋ ಸಲ ವಾದಿಸಿದವನು ನಾನು.

ಗಿರಿಜಾ ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದಳು.

"ಗೆರಿ ಐತೇನ್ರಿ?"

"ಐತಲ್ಲ. ನೋಡು."

"ಮೇಸ್ತ್ರಿ ಕೆಂಪು ಹಾಕಿದ್ನಲ್ರಿ. ಗುಲಾಬಿ ಯಾವಾಗ ಆತು?"

ನನ್ನ ಹೆಬ್ಬೆರಳಿಗೂ ಗುಲಾಬಿ ಹತ್ತಿತ್ತು. ಅವಳು ಅದನ್ನೂ ನೋಡಿದಳು. ಹನ್ನೆರಡು ವರ್ಷದ ಮಾತನ್ನು ಎತ್ತಲೇ ಇಲ್ಲ. ಎತ್ತಿದ್ದರೆ ಏನಾದರೂ ವಾದ ಹೂಡಬಹುದಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. "ತಪ್ಪಾತು" ಎಂದೆ, ಅದೂ ಗೋಡೆಯ ಕಡೆ ನೋಡುತ್ತ.

"ನಾಳೆ ನಾನೂ ಬರ್ತೇನಿ" ಎಂದಷ್ಟೇ ಹೇಳಿ ರೊಟ್ಟಿಗೆ ಹೋದಳು.

ಮರುದಿನ ಬಾಗಲಕೋಟೆಯಲ್ಲಿ ಬಂದೂಕಿಗೆ ಅಂಜುವ ಹೆಂಗಸು ಕಿವಿಗೆ ಹತ್ತಿ ತುರುಕಿಕೊಂಡು ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಸಿಕೊಂಡು ಕೂತಳು. ಜನರೆಲ್ಲ ಗುರಿಹಲಗೆ ನೋಡುತ್ತಿದ್ದರು, ಅವಳು ನನ್ನ ಬೆರಳು ನೋಡುತ್ತಿದ್ದಳು. ಬೆರಳು ಸೈಟಿನ ಕಡೆ ಹೊರಟಾಗಲೆಲ್ಲ ಹಿಂದಿನಿಂದ ಸಣ್ಣ ಕೆಮ್ಮು ಕೇಳಿಸುತ್ತಿತ್ತು. ಹೀಗೆ ಕೆಮ್ಮಿಸಿಕೊಂಡೇ ನಾನು ಮೂರನೆಯವನಾಗಿ ಬಂದೆ. ಮರದ ಪೀಠದ ಮೇಲೆ ನಿಂತ ಹಿತ್ತಾಳೆಯ ಕಪ್ ಕೊಟ್ಟರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಷ್ಟು ಸಂತೋಷ ನನಗೆ ವಕೀಲಿಯ ಸನ್ನದು ಸಿಕ್ಕ ದಿನವೂ ಆಗಿರಲಿಲ್ಲ. ಪೀಠ ಗಟ್ಟಿ ಇದೆಯೋ ಇಲ್ಲವೋ ಎಂದು ಸುಮ್ಮನೆ ಒಂದಿಷ್ಟು ತಿರುವಿದೆ. ಲೋಕಾಪುರ ದಾಟುವಷ್ಟರಲ್ಲಿ ಕಪ್ ನನ್ನ ಒಂದು ಕೈಯಲ್ಲಿತ್ತು, ಪೀಠ ಇನ್ನೊಂದು ಕೈಯಲ್ಲಿ.

ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ತನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿದಳು.